ಒಂದು ಹನಿ ಔಷಧಿಯ ಲೆಕ್ಕ

ಕಳೆದ ಡಿಸೆಂಬರ್‌ನ ಒಂದು ಸೋಮವಾರ. ಒಂಬತ್ತೂವರೆಗೆ ಆಫೀಸಿನ ಕಾಲ್ ಇತ್ತು, ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಬಟ್ಟೆ ಒಣಹಾಕಲು ಟೆರೇಸಿಗೆ ಹೋಗಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು. “ಲೇ, ಬಾರೋ ಇಲ್ಲಿ. ಈ ಹುಡುಗ್ರು ಹಕ್ಕಿ ಬಿಟ್ಟು ಹೋಗ್ಯಾರೆ ನೋಡು!”

ನಮ್ಮ ಮನೆ ಇರುವುದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ. ಮಹಡಿ ಮೇಲಿನ ಮನೆಯನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುವುದು ನಮ್ಮ ಏರಿಯಾದಲ್ಲಿ ರೂಢಿ. ನಮ್ಮ ಮಹಡಿಯಲ್ಲೂ ಮೆಡಿಕಲ್ ಓದುವ ಮೂವರು ಇದ್ದರು. ಶನಿವಾರವಷ್ಟೇ ಖಾಲಿ ಮಾಡಿಕೊಂಡು ಹೋಗಿದ್ದರು. ಅಡ್ವಾನ್ಸ್ ಲೆಕ್ಕ ಮುಗಿದಿತ್ತು, ಕೀಲಿ ಕೈಗೆ ಬಂದಿತ್ತು. ನೀರಿನ ಟ್ಯಾಂಕಿನ ಹಿಂದೆ ನೆರಳಿನಲ್ಲಿ ಇಟ್ಟಿದ್ದ ಪಂಜರವನ್ನು ಯಾರೂ ನೋಡಿರಲಿಲ್ಲ.

ಒಳಗೆ ಎರಡು ಲವ್ ಬರ್ಡ್ಸ್. ಒಂದು ಹಸಿರು, ಒಂದು ಬಿಳಿ. ಕಾಳಿನ ಬಟ್ಟಲಲ್ಲಿ ಬರೀ ಹೊಟ್ಟು ಉಳಿದಿತ್ತು. ನೀರಿನ ಡಬ್ಬಿಯ ತಳದಲ್ಲಿ ಬೆರಳು ಅದ್ದುವಷ್ಟು ನೀರು. ಎರಡೂ ಮೈ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಕಡ್ಡಿಯ ಒಂದೇ ತುದಿಗೆ ಒತ್ತಿಕೊಂಡು ಕೂತಿದ್ದವು.

ಪಂಜರ ಕೆಳಗೆ ತಂದು ಬೆಳಕಿನಲ್ಲಿ ಇಟ್ಟಾಗ ಅವುಗಳ ಮುಖ ಸರಿಯಾಗಿ ಕಂಡಿತು. ಕೊಕ್ಕಿನ ಬುಡ, ಬಾಯಿಯ ಮೂಲೆ, ಕಣ್ಣಿನ ಸುತ್ತ ಬೂದು ಬಣ್ಣದ ಒರಟು ಹಕ್ಕಳೆ. ಹತ್ತಿರ ಹೋಗಿ ನೋಡಿದರೆ ಅದರ ತುಂಬ ಸಣ್ಣ ಸಣ್ಣ ತೂತು, ಜೇನುಹುಟ್ಟಿನ ಹಾಗೆ. ಕಾಲಿನ ಮೇಲೂ ಅದೇ. ಬಿಳಿ ಹಕ್ಕಿಯ ಕೊಕ್ಕು ಒಂದು ಕಡೆಗೆ ಸೊಟ್ಟಗೆ ಬೆಳೆಯತೊಡಗಿತ್ತು.

ಹರಿಹರದಿಂದ ಬಂದಿದ್ದ ಅಕ್ಕನ ಮಗಳು, ಒಂದನೇ ಕ್ಲಾಸಿನವಳು, ಬಿಳಿಯದಕ್ಕೆ ಆ ಕೂಡಲೇ ಹೆಸರಿಟ್ಟಳು: ಮಂಡಕ್ಕಿ. ಹಸಿರಿನದಕ್ಕೆ ಮೆಣಸಿನಕಾಯಿ. ದಾವಣಗೆರೆಯಲ್ಲಿ ಮಂಡಕ್ಕಿಗೆ ಜೊತೆ ಇನ್ನೇನು ಇರಲು ಸಾಧ್ಯ!

ನಾನು ಮಾಡಿದ ತಪ್ಪು

ಸಂಜೆ ಹೊತ್ತಿಗೆ ಸಲಹೆಗಳು ಶುರುವಾದವು. ಪಕ್ಕದ ಮನೆಯ ಅಜ್ಜಿ “ವಯಸ್ಸಾಗೈತೆ ಬಿಡಪ್ಪ” ಅಂದರು. ಅಪ್ಪಾಜಿ “ಹಾರಿಸಿಬಿಡು, ಪುಣ್ಯ ಬರುತ್ತೆ” ಅಂದರು. ನನ್ನ ತಲೆಮಾರಿನವರು ಮಾಡುವುದನ್ನು ನಾನೂ ಮಾಡಿದೆ: ಫೋನ್ ತೆಗೆದು ವಿಡಿಯೊ ಹುಡುಕಿದೆ.

ಇದು ಮೈಟ್ ಕಾಟ ಅಂತ ವಿಡಿಯೊದಲ್ಲಿ ಹೇಳಿದ್ದು ಸರಿಯಾಗಿಯೇ ಇತ್ತು. ಎಣ್ಣೆ ಹಚ್ಚಿದರೆ ಹುಳಕ್ಕೆ ಉಸಿರುಗಟ್ಟಿ ಸಾಯುತ್ತದೆ ಅಂದರು. ಸುಲಭ ಅನ್ನಿಸಿತು. ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೇವಿನ ಎಣ್ಣೆ ಬೆರೆಸಿ ಕೊಕ್ಕಿಗೆ, ಕಾಲಿಗೆ ಹಚ್ಚಿದೆ. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುತ್ತದೆ ಅಂತ ಎದೆ, ಹೊಟ್ಟೆಯ ಕಡೆಗೂ ಸವರಿದೆ. ಮಾರನೇ ದಿನ ಮತ್ತೊಮ್ಮೆ.

ಬುಧವಾರ ಬೆಳಿಗ್ಗೆ ಮೆಣಸಿನಕಾಯಿ ಪಂಜರದ ತಳದಲ್ಲಿ ಬಿದ್ದಿತ್ತು. ಎದೆಯ ಪುಕ್ಕಗಳು ಎಣ್ಣೆಗೆ ಅಂಟಿ ಕಡ್ಡಿ ಕಡ್ಡಿಯಾಗಿದ್ದವು. ನಡುವೆ ಚರ್ಮ ಕಾಣುತ್ತಿತ್ತು.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಹಕ್ಕಿಯ ಮೈ ಬಿಸಿ ನಮಗಿಂತ ಹೆಚ್ಚು, ಸುಮಾರು 41 ಡಿಗ್ರಿ ಸೆಲ್ಸಿಯಸ್. ಆ ಬಿಸಿಯನ್ನು ಹಿಡಿದಿಡುವುದು ಪುಕ್ಕಗಳ ನಡುವೆ ಸಿಕ್ಕಿಕೊಂಡ ಗಾಳಿ. ಪುಕ್ಕ ಎಣ್ಣೆಯಲ್ಲಿ ನೆನೆದರೆ ಗಾಳಿ ನಿಲ್ಲುವುದಿಲ್ಲ. ಡಿಸೆಂಬರ್ ರಾತ್ರಿಯಲ್ಲಿ ಎಣ್ಣೆ ಬಳಿದ ಹಕ್ಕಿ ಅಂದರೆ ಒದ್ದೆ ಸ್ವೆಟರ್ ಹಾಕಿಕೊಂಡು ಬಯಲಲ್ಲಿ ಮಲಗಿದ ಮನುಷ್ಯನ ಹಾಗೆ. ಮೊದಲೇ ಹಸಿವಿನಿಂದ ಸೋತಿದ್ದ ಹಕ್ಕಿ ಅದು. ಮೈಟ್ ಒಂದರಿಂದಲೇ ಆ ರಾತ್ರಿ ಅದು ಸಾಯುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಅಕ್ಕನ ಮಗಳಿಗೆ “ಹಾರಿಹೋಯ್ತು” ಅಂತ ಸುಳ್ಳು ಹೇಳಿದೆ. ಕಾಂಪೌಂಡಿನ ದಾಸವಾಳದ ಗಿಡದ ಬುಡದಲ್ಲಿ ಹೂತೆ. ಮಂಡಕ್ಕಿಯ ಮೈ ಮೇಲಿನ ಎಣ್ಣೆಯನ್ನು ಹತ್ತಿಯಿಂದ ಒತ್ತಿ ಒತ್ತಿ ಆದಷ್ಟು ತೆಗೆದೆ. ಪಂಜರದ ಒಂದು ಬದಿಗೆ 40 ವ್ಯಾಟಿನ ಹಳೇ ಬಲ್ಬ್ ಕಟ್ಟಿ, ಮೂರು ಕಡೆ ಬೆಡ್‌ಶೀಟ್ ಹೊದಿಸಿದೆ. ಸಣ್ಣ ರಟ್ಟಿನ ಡಬ್ಬಿಯಲ್ಲಿ ಕೂರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. 27 ಗ್ರಾಂ. ಇದರ ಜಾತಿಯ ಆರೋಗ್ಯವಂತ ಹಕ್ಕಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ತೂಗುತ್ತದೆ.

ಹೇನಲ್ಲ, ಕಜ್ಜಿ

ನಮ್ಮ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಈ ಹಕ್ಕಿಯ ನಿಜವಾದ ಹೆಸರು ಬಡ್ಜರಿಗಾರ್, ಪ್ರೀತಿಯಿಂದ ಬಜ್ಜಿ. ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆ ಹಕ್ಕಿ. ಬಜ್ಜಿಯ ಊರು ಆಸ್ಟ್ರೇಲಿಯಾದ ಒಣ ಬಯಲು. ಅಲ್ಲಿ ಅವು ದೊಡ್ಡ ದೊಡ್ಡ ಹಿಂಡಾಗಿ ಹಾರುತ್ತವೆ, ಬಣ್ಣ ಹಸಿರು–ಹಳದಿ. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಅವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಬಿಳಿ, ನೀಲಿ ಬಣ್ಣಗಳೆಲ್ಲ ಆಮೇಲೆ ಪಂಜರದಲ್ಲಿ ಮರಿ ಮಾಡಿಸುತ್ತಾ ಬಂದವು.

ಇದರ ಮುಖಕ್ಕೆ ಬರುವ ಕಾಯಿಲೆಗೆ ಕಾರಣ ನೆಮಿಡೊಕಾಪ್ಟಿಸ್ ಎಂಬ ಮೈಟ್. ಮೈಟ್ ಅಂದರೆ ಹೇನಲ್ಲ. ಹೇನಿಗೆ ಆರು ಕಾಲು. ಮೈಟ್‌ಗೆ ಎಂಟು, ಅದು ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದು. ಬರಿಗಣ್ಣಿಗೆ ಕಾಣುವುದಿಲ್ಲ ಅಂದರೂ ಸರಿ, ಅಷ್ಟು ಸಣ್ಣದು. ಮನುಷ್ಯರಿಗೆ ಕಜ್ಜಿ ತರುವ ಹುಳಕ್ಕೆ ದೂರದ ನೆಂಟ. ಚರ್ಮದ ಮೇಲ್ಪದರದಲ್ಲಿ, ಕೊಕ್ಕಿನ ಬುಡದಲ್ಲಿ ಸುರಂಗ ಕೊರೆದು ಅಲ್ಲೇ ಸಂಸಾರ ಮಾಡುತ್ತದೆ. ನಾನು ನೋಡಿದ ಜೇನುಹುಟ್ಟಿನ ತೂತುಗಳು ಆ ಸುರಂಗಗಳ ಬಾಯಿಗಳು.

ಇಡೀ ಜೀವನ ಅದು ಹಕ್ಕಿಯ ಮೈ ಮೇಲೆಯೇ ಕಳೆಯುತ್ತದೆ. ಒಂದು ಪೀಳಿಗೆ ಮುಗಿಯಲು ಸುಮಾರು ಮೂರು ವಾರ. ಹೆಚ್ಚಾಗಿ ಗೂಡಿನಲ್ಲಿ ತಾಯಿಯಿಂದ ಮರಿಗೆ ಅಂಟುತ್ತದೆ. ಅಂಟಿದರೂ ತಿಂಗಳುಗಟ್ಟಲೆ ಏನೂ ಕಾಣದೇ ಇರಬಹುದು. ಹಕ್ಕಿಗೆ ಸರಿಯಾದ ಊಟ ಸಿಗದೆ, ಜಾಗ ಬದಲಾಗಿ, ಚಳಿಗೆ ಸಿಕ್ಕಿ ಶಕ್ತಿ ಕುಂದಿದಾಗ ಮೇಲೆ ಬರುತ್ತದೆ. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ಹಾಗೇ ಬಿಟ್ಟರೆ ಕೊಕ್ಕು ಬೆಳೆಯುವ ಬುಡವೇ ಹಾಳಾಗಿ, ಕೊಕ್ಕು ಸೊಟ್ಟಗಾಗಿ, ಕೊನೆಗೆ ಕಾಳು ಸುಲಿಯಲು ಆಗದೆ ಹಕ್ಕಿ ಹಸಿವಿನಿಂದ ಸಾಯಬಹುದು.

ಸೀಸೆ ಕೈಗೆ ಬಂತು

ಅವತ್ತೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಂಡಕ್ಕಿಯನ್ನು ಒಂದು ಕ್ಲಿನಿಕ್ಕಿಗೆ ಒಯ್ದೆ. “ನಾಯಿ, ಬೆಕ್ಕು ನೋಡ್ತೀವಿ ಸಾರ್, ಹಕ್ಕಿ ನೋಡಲ್ಲ” ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ನಾನು ಎರಡು ದಿನದ ಹಿಂದೆ ಅಷ್ಟು ಮಾಡಿದ್ದರೆ ಸಾಕಿತ್ತು.

ವಾಪಸ್ ಬರುವಾಗ ದನಕರುಗಳ ಔಷಧಿ ಮಾರುವ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಫೋನಿನಲ್ಲಿ ಫೋಟೊ ನೋಡಿದವರೇ ಒಂದು ಸೀಸೆ ಕೊಟ್ಟರು. ಐವರ್ಮೆಕ್ಟಿನ್ ಇಂಜೆಕ್ಷನ್. “ಒಂದೇ ಹನಿ ಬಾಯಿಗೆ ಬಿಡ್ರಿ ಸಾರ್. ಒಂದು ಹನಿಗೆ ಏನಾಗತ್ತೆ?”

ಔಷಧಿಯ ಹೆಸರು ತಪ್ಪಾಗಿರಲಿಲ್ಲ. ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ ಹೆಸರು ಅದು. ಜಪಾನಿನ ಸತೋಶಿ ಓಮುರಾ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾ ಇದರ ಮೂಲ. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅದರ ಗುಣವನ್ನು ಗುರುತಿಸಿದರು. ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಹುಳ, ಮೈಟ್‌ಗಳ ನರಗಳಲ್ಲಿರುವ ಒಂದು ಬಗೆಯ ಬಾಗಿಲನ್ನು ಈ ಔಷಧಿ ತೆರೆದಿಟ್ಟುಬಿಡುತ್ತದೆ, ಅವು ಕೈಕಾಲು ಆಡದೆ ಸಾಯುತ್ತವೆ. ಆ ಬಾಗಿಲು ಹಕ್ಕಿಗಾಗಲಿ ನಮಗಾಗಲಿ ಇಲ್ಲ. ಹಾಗಾಗಿ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಹುಳ ಸಾಯುತ್ತದೆ, ಹಕ್ಕಿ ಉಳಿಯುತ್ತದೆ. ಪ್ರಮಾಣ ಮೀರಿದರೆ ಹಕ್ಕಿಯ ಮಿದುಳಿಗೇ ಪೆಟ್ಟು: ತೂಕಡಿಕೆ, ತೂರಾಟ, ಸಾವು.

ರಾತ್ರಿ ಸೀಸೆ ಹಿಡಿದುಕೊಂಡು ಪಂಜರದ ಮುಂದೆ ಕೂತಿದ್ದೆ. ಮೆಣಸಿನಕಾಯಿಯ ವಿಷಯದಲ್ಲಿ ಆಗಿದ್ದರಿಂದ ಕೈ ಮುಂದೆ ಹೋಗಲಿಲ್ಲ. ಫೋನಿನ ಕ್ಯಾಲ್ಕುಲೇಟರ್ ತೆಗೆದೆ.

ಸೀಸೆಯ ಮೇಲೆ 1% ಅಂತ ಇತ್ತು. ಅಂದರೆ 1 ಮಿ.ಲೀ.ನಲ್ಲಿ 10 ಮಿಲಿಗ್ರಾಂ ಔಷಧಿ. ದನಕ್ಕಾದರೆ 50 ಕೆ.ಜಿ. ತೂಕಕ್ಕೆ 1 ಮಿ.ಲೀ., ಅಂದರೆ ಕೆ.ಜಿ.ಗೆ 0.2 ಮಿಲಿಗ್ರಾಂ. ಹಕ್ಕಿಗಳಿಗೂ ಸಾಮಾನ್ಯವಾಗಿ ಹೇಳುವ ಪ್ರಮಾಣ ಇದೇ. 300 ಕೆ.ಜಿ.ಯ ಹಸುವಿಗೆ 6 ಮಿ.ಲೀ. ಬೇಕು. ಮಂಡಕ್ಕಿ 27 ಗ್ರಾಂ. ಅದಕ್ಕೆ ಬೇಕಾದ್ದು 0.0054 ಮಿಲಿಗ್ರಾಂ, ಅಂದರೆ 5.4 ಮೈಕ್ರೋಗ್ರಾಂ.

ಒಂದು ಹನಿ ಅಂದರೆ ಸುಮಾರು 0.05 ಮಿ.ಲೀ. ಅದರಲ್ಲಿರುವ ಔಷಧಿ 500 ಮೈಕ್ರೋಗ್ರಾಂ.

500ನ್ನು 5.4ರಿಂದ ಭಾಗಿಸಿದೆ. 92 ಬಂತು.

ತಪ್ಪಿರಬಹುದು ಅಂತ ಮತ್ತೆ ಮಾಡಿದೆ. ಅದೇ ಉತ್ತರ. ಆ “ಒಂದೇ ಹನಿ” ಮಂಡಕ್ಕಿಗೆ ಬೇಕಾದ್ದಕ್ಕಿಂತ 92 ಪಟ್ಟು ಹೆಚ್ಚು. ಇನ್ಸುಲಿನ್ ಸಿರಿಂಜಿನಲ್ಲಿ ಒಂದೇ ಒಂದು ಗೆರೆ ಎಳೆದರೂ 18 ಪಟ್ಟು ಹೆಚ್ಚು. ಈ ಸೀಸೆಯಿಂದ ಬಜ್ಜಿಗೆ ಬೇಕಾದಷ್ಟನ್ನೇ ನೇರವಾಗಿ ಅಳೆದು ಕೊಡುವುದು ಮನೆಯಲ್ಲಿ ಆಗದ ಮಾತು. ಸೀಸೆಯನ್ನು ಬೀರುವಿನ ಮೇಲೆ ಇಟ್ಟೆ.

ಸಾಫ್ಟ್‌ವೇರ್ ಕೆಲಸದಲ್ಲಿ ದಶಾಂಶ ಬಿಂದು ಒಂದು ಮನೆ ಅತ್ತಿತ್ತ ಆದರೆ ಟೆಸ್ಟಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ, ಸರಿ ಮಾಡುತ್ತೇವೆ. ಇಲ್ಲಿ ಟೆಸ್ಟಿಂಗ್ ಇಲ್ಲ. ಇರುವುದು ಒಂದೇ ಹಕ್ಕಿ.

ಡಾಕ್ಟರ ಮೇಜಿನ ಮೇಲೆ

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಒಬ್ಬ ಗೆಳೆಯ ನೆನಪಾದ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ರಾತ್ರಿ ಹತ್ತಕ್ಕೆ ಫೋಟೊ ಕಳಿಸಿದೆ, ಎರಡೇ ನಿಮಿಷಕ್ಕೆ ಫೋನ್ ಮಾಡಿದ. “ಮೈಟ್ ಇದ್ದಂಗೈತೆ. ಆದ್ರೆ ಫೋಟೊ ನೋಡಿ ಔಷಧಿ ಹೇಳಲ್ಲ ನಾನು. ಆ ಹಕ್ಕಳೆ ಕೀಳಕ್ಕೆ ಹೋಗಬ್ಯಾಡ, ರಕ್ತ ಬರತ್ತೆ. ಬೆಚ್ಚಗೆ ಇಡು, ಮನೆ ತುಂಬ ಹೊಗೆ ಮಾಡಬ್ಯಾಡ. ನಾಳೆ ಇವರ ಹತ್ರ ಹೋಗು” ಅಂತ ದಾವಣಗೆರೆಯಲ್ಲೇ ಇರುವ ಒಬ್ಬ ಡಾಕ್ಟರ ನಂಬರ್ ಕೊಟ್ಟ. ಕೋಳಿ ಫಾರಂಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಹಕ್ಕಿ ಹಿಡಿಯಲು ಬಲ್ಲವರು.

ಅವರು ಹಕ್ಕಿಯನ್ನು ನೋಡುವ ಮೊದಲು ನನ್ನನ್ನು ನೋಡಿದರು. “ಎಣ್ಣೆ ಹಚ್ಚೀರಿ ಅಲ್ಲ?”

“ಹೌದು ಸಾರ್. ಎರಡಿದ್ದವು. ಒಂದು ಹೋಯ್ತು.”

ಬೈಯಲಿಲ್ಲ. “ಎಲ್ಲರೂ ಹಚ್ತಾರೆ” ಅಂದರು ಅಷ್ಟೇ.

ಬ್ಲೇಡಿನ ಮೊಂಡು ಬದಿಯಿಂದ ಹಕ್ಕಳೆಯ ಚೂರು ಕೆರೆದು, ಗಾಜಿನ ಮೇಲೆ ಇಟ್ಟು, ಒಂದು ಹನಿ ದ್ರಾವಣ ಬಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನನ್ನನ್ನೂ ಕರೆದು ತೋರಿಸಿದರು. ದುಂಡಗಿನ ಮೈ, ಮೋಟು ಕಾಲು. ಒಂದೆರಡು ಇನ್ನೂ ಮಿಸುಕಾಡುತ್ತಿದ್ದವು. ಮೂರು ದಿನದಿಂದ ಎಣ್ಣೆ ಬಳಿದು ನಾನು ಕೊಲ್ಲಲು ಹೊರಟಿದ್ದು ಇವನ್ನೇ.

ತೂಕ ಕೇಳಿದರು. 27 ಗ್ರಾಂ ಅಂದಾಗ ತಲೆಯೆತ್ತಿ ನೋಡಿ, “ತೂಕ ಮಾಡಿಕೊಂಡು ಬಂದೀರಲ್ಲ, ಅರ್ಧ ಕೆಲಸ ಆತು” ಅಂದರು. ಆದರೂ ತಮ್ಮ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿದರು. ಔಷಧಿಯನ್ನು ಹಕ್ಕಿಗೆ ತಕ್ಕಂತೆ ತಾವೇ ತೆಳುಮಾಡಿ, ಕತ್ತಿನ ಹಿಂದೆ ಪುಕ್ಕ ಸರಿಸಿ ಬರಿ ಚರ್ಮದ ಮೇಲೆ ಒಂಚೂರು ತಾಗಿಸಿದರು. ಹತ್ತು ಸೆಕೆಂಡಿನ ಕೆಲಸ. ನಾನು ಇಡೀ ರಾತ್ರಿ ಹೆದರಿಕೊಂಡು ಕೂತಿದ್ದು ಇದಕ್ಕಾ ಅನ್ನಿಸಿತು.

“ಇವತ್ತೊಂದು. ಹದಿನಾಲ್ಕು ದಿನ ಬಿಟ್ಟು ಒಂದು. ಆಮೇಲೆ ಇನ್ನೊಂದು. ಮುಖ ಚೆಂದ ಆತು ಅಂತ ನಡುವೆ ಬಿಡಬ್ಯಾಡ್ರಿ.” ಕಾರಣ ಹೀಗಿದೆ: ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಸರಿಯಾಗಿ ಕೊಲ್ಲುವುದಿಲ್ಲ. ಮೊಟ್ಟೆಯೊಡೆದು ಬಂದವು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ ಅವನ್ನೂ ಹಿಡಿಯಬೇಕು.

ಐದು ವಾರ

ಪಂಜರದೊಳಗಿನ ಮರದ ಕಡ್ಡಿಗಳನ್ನೆಲ್ಲ ಬಿಸಾಡಿ ಬೇವಿನ ಹಸಿ ಕಡ್ಡಿ ತೊಳೆದು ಹಾಕಿದೆ. ಪಂಜರವನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ತಳಕ್ಕೆ ದಿನಾ ಹೊಸ ಪೇಪರ್.

ನಂತರ ಊಟ. ಹುಡುಗರು ಹಾಕುತ್ತಿದ್ದದ್ದು ಬರೀ ನವಣೆ. ನವಣೆ ಕೆಟ್ಟದ್ದಲ್ಲ, ಆದರೆ ಬರೀ ಕಾಳು ತಿನ್ನುವ ಹಕ್ಕಿಗೆ ಎ ಜೀವಸತ್ವ ಸಾಲದೆ ಬರುತ್ತದೆ, ಚರ್ಮ ಸೊರಗುತ್ತದೆ. ಅಮ್ಮ ಹಿತ್ತಲ ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಇಡಲು ಶುರು ಮಾಡಿದಳು. ಮೊದಲ ನಾಲ್ಕು ದಿನ ಮಂಡಕ್ಕಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಐದನೇ ದಿನ ನುಗ್ಗೆಸೊಪ್ಪಿನ ಕಡ್ಡಿಗೆ ಜೋತುಬಿದ್ದು ತಿಂದಿತು.

ಪಂಜರವನ್ನು ಅಡುಗೆಮನೆಯಿಂದ ದೂರದ ರೂಮಿಗೆ ಸಾಗಿಸಿದೆವು. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು ಅಂತ ಡಾಕ್ಟರ್ ಹೇಳಿದ್ದರು. ಸೊಳ್ಳೆ ಬತ್ತಿ, ಊದುಬತ್ತಿ ಆ ರೂಮಿನಲ್ಲಿ ಬಂದ್. ಮೈಟ್ ಹೋಗಲಿ ಅಂತ ಪಂಜರಕ್ಕೆ ನುಸಿಗುಳಿಗೆ ಕಟ್ಟುವವರಿದ್ದಾರೆ, ಅದೂ ಹಕ್ಕಿಗೆ ವಿಷವೇ.

ಹತ್ತು ದಿನಕ್ಕೆ ಹಕ್ಕಳೆ ಒಣಗಿ ತಾನಾಗಿಯೇ ಉದುರತೊಡಗಿತು. ಎರಡನೇ ಸಲ ಔಷಧಿ ಹಾಕಿಸುವಾಗ ತೂಕ 30 ಗ್ರಾಂ, ಮೂರನೇ ಸಲ 33. ಸೊಟ್ಟ ಬೆಳೆದ ಕೊಕ್ಕಿನ ತುದಿಯನ್ನು ಡಾಕ್ಟರೇ ಸವರಿ ಸರಿ ಮಾಡಿದರು. ಪೂರ್ತಿ ನೆಟ್ಟಗಾಗುವುದಿಲ್ಲ ಅಂದರು. ಆಗಲೂ ಇಲ್ಲ. ಸಂಕ್ರಾಂತಿ ದಿನ ಬೆಳಿಗ್ಗೆ ನಾನು ಕಾಲ್‌ನಲ್ಲಿದ್ದಾಗ ಅದು ಮೊದಲ ಸಲ ಜೋರಾಗಿ ಕಿಚಿಪಿಚಿ ಮಾಡಿತು. ಪುಣೆಯಲ್ಲಿದ್ದ ಸಹೋದ್ಯೋಗಿ “ಎಲ್ಲಿದೀಯ, ಕಾಡಲ್ಲಾ?” ಅಂದ.

ಹಾರಿಸಿಬಿಟ್ಟರೆ ಪುಣ್ಯವೇ?

ಅಪ್ಪಾಜಿ ಹೇಳಿದ್ದ “ಹಾರಿಸಿಬಿಡು” ಎನ್ನುವ ಮಾತು ತುಂಬಾ ಜನ ಹೇಳುತ್ತಾರೆ, ಒಳ್ಳೆ ಮನಸ್ಸಿನಿಂದಲೇ. ಆದರೆ ಪಂಜರದಲ್ಲಿ ಹುಟ್ಟಿದ ಬಜ್ಜಿಗೆ ಇಲ್ಲಿ ಕಾಳು ಹುಡುಕಲು ಬರುವುದಿಲ್ಲ, ಹದ್ದು ಗೊತ್ತಿಲ್ಲ, ಕಾಗೆ ಗೊತ್ತಿಲ್ಲ. ಕುಂದವಾಡ ಕೆರೆ ದಂಡೆಗೆ ಬಿಟ್ಟರೆ ಸಂಜೆಯೊಳಗೆ ಯಾವುದೋ ಬೆಕ್ಕಿಗೋ ಗಿಡುಗನಿಗೋ ಊಟ.

ನಮ್ಮ ಹಸಿರು ಗಿಳಿಯ ವಿಷಯ ಬೇರೆ. ಅದು ಈ ನೆಲದ ಕಾಡು ಹಕ್ಕಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಬಜ್ಜಿ ಹೊರನಾಡಿನದ್ದು, ಸಾಕಲು ಆ ಅಡ್ಡಿ ಇಲ್ಲ. ಗಾಯಗೊಂಡ ಕಾಡು ಹಕ್ಕಿ ಸಿಕ್ಕರೆ ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ 468 ಜಾತಿಯ ಹಕ್ಕಿಗಳಿಗಾಗಿ 2017ರಲ್ಲಿ ಗಿನ್ನೆಸ್ ದಾಖಲೆ ಸೇರಿತು, ಅಲ್ಲೂ ಹಕ್ಕಿಗಳಿಗೆ ಆಸ್ಪತ್ರೆ ಇದೆ. ನಮ್ಮಂಥ ಊರಿನಲ್ಲಿ 500 ರೂಪಾಯಿಗೆ ಜೋಡಿ ಕೊಂಡ ಬಜ್ಜಿಗೆ ಕಾಯಿಲೆ ಬಂದರೆ ಹುಡುಕಿಕೊಂಡು ಹೋಗಬೇಕು. ಹೆಚ್ಚಿನವರು ಇನ್ನೊಂದು ಜೋಡಿ ಕೊಳ್ಳುತ್ತಾರೆ, ಅದೇ ಅಗ್ಗ.

ಆ ಹುಡುಗರ ಮೇಲೆ ನನಗೆ ಸಿಟ್ಟಿತ್ತು. ಸಿಟ್ಟಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನೂ ತೆಗೆದು ಓದಿದೆ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗುವುದು 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಓದಿ ನಗು ಬಂತು. ಫೋನ್ ಮಾಡಿ ಬೈಯಬೇಕು ಅಂದುಕೊಂಡವನು ಕೆಲಸದ ಗಡಿಬಿಡಿಯಲ್ಲಿ ಮುಂದೂಡುತ್ತಾ ಬಂದೆ.

ಜನವರಿ ಕೊನೆಯಲ್ಲಿ ಅವನೇ ಫೋನ್ ಮಾಡಿದ. “ಅಣ್ಣಾ, ಹಕ್ಕಿ ಹೆಂಗಿದಾವೆ? ಅಂಕಲ್‌ಗೆ ಮೆಸೇಜ್ ಹಾಕಿದ್ದೆ, ರಿಪ್ಲೈ ಇರಲಿಲ್ಲ. ಓದಿರಬೇಕು, ನೋಡ್ಕೊಂತಿರಬೇಕು ಅಂದ್ಕೊಂಡೆ.”

ಅಪ್ಪಾಜಿಯ ಫೋನ್ ತೆಗೆದು ನೋಡಿದೆ. ನೂರಾರು ಗುಡ್ ಮಾರ್ನಿಂಗ್‌ಗಳ ಕೆಳಗೆ, ಶನಿವಾರ ಸಂಜೆಯ ದಿನಾಂಕದಲ್ಲಿ, ತೆರೆಯದ ಒಂದು ಮೆಸೇಜ್ ಇತ್ತು: “ಅಂಕಲ್, ಟ್ಯಾಂಕ್ ಹಿಂದೆ ಹಕ್ಕಿ ಇದಾವೆ. ಮುಂದಿನ ವಾರ ಬಂದು ತಗೊಂಡು ಹೋಗ್ತೀನಿ. ಕಾಳು ನೀರು ನೋಡ್ಕೊಳ್ಳಿ ಪ್ಲೀಸ್.” ಮುಂದಿನ ವಾರ ಅವನಿಗೆ ಬೇರೆ ಊರಿನಲ್ಲಿ ಡ್ಯೂಟಿ ಬಿದ್ದಿತ್ತು. ಮೆಸೇಜ್ ಹಾಕಿದ್ದೇ ಜವಾಬ್ದಾರಿ ಮುಗಿಯಿತು ಅಂದುಕೊಂಡಿದ್ದು ಅವನ ತಪ್ಪು. ತೆರೆಯದೇ ಇದ್ದದ್ದು ನಮ್ಮದು. ಎಣ್ಣೆ ಹಚ್ಚಿದ್ದು ನಾನು.

ಮುಂದಿನ ಭಾನುವಾರ ಬಂದ. ಹಸಿರು ಹಕ್ಕಿ ಹೇಗೆ ಸತ್ತಿತು ಅಂತ ಅವನಿಗೆ ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, “ಆ ಹಕ್ಕಳೆ ಆರು ತಿಂಗಳಿಂದ ಇತ್ತು ಅಣ್ಣಾ. ವಯಸ್ಸಾಗಿದೆ ಅಂದ್ಕೊಂಡಿದ್ದೆ. ಪರೀಕ್ಷೇಲಿ ಕಜ್ಜಿ ಬಗ್ಗೆ ಎರಡು ಪೇಜ್ ಬರೆದು ಬಂದೋನು ನಾನು.” ಮಂಡಕ್ಕಿಯನ್ನು ನಮ್ಮಲ್ಲೇ ಬಿಟ್ಟು ಹೋದ. ಅವನು ಹೋದ ಮೇಲೆ ಅಕ್ಕನ ಮಗಳಿಗೆ ಫೋನ್ ಮಾಡಿ ಮೆಣಸಿನಕಾಯಿಯ ನಿಜವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ: “ದಾಸವಾಳದ ಗಿಡ ಯಾವುದು, ಕೆಂಪಿಂದಾ?”

ನಿಮ್ಮ ಮನೆಯಲ್ಲೂ ಹಕ್ಕಿ ಇದ್ದರೆ

ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಹಿಂಡಿನಲ್ಲಿ ಸೋತದ್ದು ಮೊದಲು ಬೇಟೆಯಾಗುತ್ತದೆ, ಹಾಗಾಗಿ ಕೊನೆಯವರೆಗೂ ಸರಿಯಿದ್ದ ಹಾಗೇ ತೋರಿಸಿಕೊಳ್ಳುತ್ತದೆ. ಮೈ ಉಬ್ಬಿಸಿಕೊಂಡು ತೂಕಡಿಸುತ್ತಿದೆ ಅಂದರೆ ಆಗಲೇ ತಡವಾಗಿದೆ ಅಂತ ತಿಳಿಯಿರಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕಣ್ಣಿಗೆ ಕಾಣುವ ಮೊದಲು ತೂಕದಲ್ಲಿ ಕಾಣುತ್ತದೆ.

ಎಲ್ಲಾ ಮೈಟ್ ಒಂದೇ ಅಲ್ಲ. ಕೊಕ್ಕು, ಕಾಲಿನ ಮೇಲೆ ತೂತು ತೂತಾದ ಹಕ್ಕಳೆ ಇದ್ದರೆ ಮಂಡಕ್ಕಿಗೆ ಬಂದಂಥದ್ದು ಇರಬಹುದು. ಹಗಲು ಸುಮ್ಮನಿದ್ದು ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದರೆ ಕೆಂಪು ಮೈಟ್ ಇರಬಹುದು. ಅದು ಹಗಲು ಪಂಜರದ ಸಂದಿಯಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ, ನಮ್ಮನ್ನೂ ಕಚ್ಚುತ್ತದೆ. ರಾತ್ರಿ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ ಬೆಳಗಾಗುವ ಮೊದಲು ನೋಡಿದರೆ ಕೆಂಪು ಚುಕ್ಕಿಗಳು ಕಾಣಬಹುದು. ಅದಕ್ಕೆ ಹಕ್ಕಿಗಿಂತ ಪಂಜರಕ್ಕೇ ಹೆಚ್ಚು ಚಿಕಿತ್ಸೆ ಬೇಕು. ಬಾಯಿ ತೆರೆದು ಉಸಿರಾಡುತ್ತಾ ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ಅದು ಶ್ವಾಸದ ತೊಂದರೆ, ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಒಂದಕ್ಕೆ ಬಂದರೆ ಜೊತೆಗಿರುವ ಎಲ್ಲಕ್ಕೂ ಚಿಕಿತ್ಸೆ ಕೊಡಿಸಿ. ಪಂಜರ ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಈ ಮೈಟ್ ನಮಗೆ ಅಂಟದಿದ್ದರೂ ಗಿಳಿ ಜಾತಿಯ ಹಕ್ಕಿಗಳ ಒಣ ಹಿಕ್ಕೆಯ ದೂಳಿನಿಂದ ಸಿಟಕೋಸಿಸ್ ಎಂಬ ಬೇರೆ ಜ್ವರ ಬರಬಹುದು. ಕೋಳಿ ಫಾರಂ ನೋಡುವ ಪಶುವೈದ್ಯರನ್ನು ಮೊದಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ, ಕಾಯಿಲೆ ಬಂದ ಮೇಲೆ ಹುಡುಕುವುದು ಕಷ್ಟ.

ಇನ್ನು “ಒಂದೇ ಹನಿ” ಅಂತ ಯಾರಾದರೂ ಹೇಳಿದರೆ, ಯಾವ ಔಷಧಿಯೇ ಇರಲಿ, ಆ ಹನಿಯಲ್ಲಿ ಎಷ್ಟಿದೆ ಅಂತ ಕೇಳಿ. ಹೇಳಿದವರಿಗೆ ಗೊತ್ತಿಲ್ಲದಿದ್ದರೆ ಹಾಕಬೇಡಿ.

ಬಜ್ಜಿ ಒಂಟಿಯಾಗಿ ಬದುಕುವ ಹಕ್ಕಿಯಲ್ಲ. ಮಾರ್ಚ್‌ನಲ್ಲಿ, ಊರು ಬಿಡುತ್ತಿದ್ದ ಪರಿಚಯದವರೊಬ್ಬರಿಂದ ನೀಲಿ ಬಣ್ಣದ ಇನ್ನೊಂದನ್ನು ತಂದೆವು. ತಂದ ದಿನವೇ ಡಾಕ್ಟರಿಗೆ ತೋರಿಸಿ, ಒಂದು ತಿಂಗಳು ಬೇರೆ ರೂಮಿನಲ್ಲಿ ಇಟ್ಟೆವು. ಆ ತಿಂಗಳು ಪೂರ್ತಿ ಎರಡೂ ಗೋಡೆಯ ಆಚೆ ಈಚೆ ಕೂತು ಒಂದನ್ನೊಂದು ಕೂಗುತ್ತಿದ್ದವು. ನಡುವಿನ ಹಾಲ್‌ನಲ್ಲಿ ಕೂತು ನಾನು ಮೀಟಿಂಗ್ ಮಾಡುತ್ತಿದ್ದೆ, ಮ್ಯೂಟ್ ಒತ್ತುತ್ತಾ.